ಹದಿನೇಳನೇ ನಂಬರಿನ ಬಿಲ್ಲೆ

1958ರಲ್ಲಿ ನಾನು ಕೋಲಾರದ ಚಿನ್ನದ ಗಣಿಯೊಂದರಲ್ಲಿ ವೆಂಟಿಲೇಶನ್ ವಿಭಾಗದ ಸಹಾಯಕನಾಗಿದ್ದೆ. ನೆಲದಡಿಯ ಸುರಂಗಗಳಲ್ಲಿ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ, ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅಳೆದು ಬರೆದಿಡುವುದು ನನ್ನ ಕೆಲಸ. ಕಾರ್ಮಿಕರು ನನ್ನನ್ನು ‘ಗಾಳಿ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು.

ಆ ಮಳೆಗಾಲದಲ್ಲಿ ವೆಲ್‌ಫೇರ್ ಕಚೇರಿಯವರು ನನ್ನನ್ನು ಒಂದು ಭಾನುವಾರದ ಮಟ್ಟಿಗೆ ಗೈಡ್ ಮಾಡಿದರು. ಮೂವತ್ತೆಂಟು ಮಂದಿಯನ್ನು ಬಸ್ಸಿನಲ್ಲಿ ನಂದಿಬೆಟ್ಟಕ್ಕೆ ಕರೆದೊಯ್ದು, ಕೋಟೆ, ಗುಡಿ, ಸರ್ಕಾರಿ ತೋಟ ತೋರಿಸಿ ಸಂಜೆಗೆ ವಾಪಸು ತರಬೇಕು. ಕಾರ್ಮಿಕರು ಇದಕ್ಕಾಗಿ ಎರಡು ವರ್ಷ ಅರ್ಜಿ ಬರೆದಿದ್ದರು. ದಿನವೂ ಪಾತಾಳಕ್ಕೆ ಇಳಿಯುವವರಿಗೆ ಬೆಟ್ಟವೇಕೆ ಎಂಬ ಗೊಣಗಾಟ ಮೇಲಿನವರಲ್ಲಿತ್ತು. ಹೊರಡುವ ಹಿಂದಿನ ದಿನ ವೆಲ್‌ಫೇರ್ ಅಧಿಕಾರಿ ನನ್ನನ್ನು ಕರೆದರು.

“ಮೂವತ್ತೆಂಟು ಜನ ಹೋಗ್ತಾರೆ, ಮೂವತ್ತೆಂಟು ಜನ ಬರಬೇಕು. ಒಬ್ಬರು ಕಮ್ಮಿಯಾದ್ರೂ ಇದೇ ಮೊದಲು, ಇದೇ ಕೊನೆ,” ಎಂದರು. ಅವರ ಮೇಜಿನ ಮೇಲೆ ಮುಂದಿನ ಪ್ರವಾಸಗಳಿಗೆ ಹೆಸರು ಕೊಟ್ಟವರ ಪಟ್ಟಿ ನಾಲ್ಕು ಹಾಳೆಯಷ್ಟಿತ್ತು.

ಕೇಜ್ ಎಂಬ ಲಿಫ್ಟಿನಲ್ಲಿ ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಹಾಕಿದ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಮೇಲೆ ಬಂದವನು ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ನಂಬರಿನವನು ಇನ್ನೂ ಕೆಳಗಿದ್ದಾನೆ ಎಂದರ್ಥ. ನಾನು ಬಳಕೆಯಲ್ಲಿಲ್ಲದ ಮೂವತ್ತೆಂಟು ಬಿಲ್ಲೆಗಳನ್ನೂ ಒಂದು ಹಲಗೆಯನ್ನೂ ಕೇಳಿ ತಂದುಕೊಂಡೆ.

ಬೆಳಗಿನ ಜಾವ ಆಂಡರ್ಸನ್‌ಪೇಟೆಯಿಂದ ಹೊರಟ ಬಸ್ಸು ಬಂಗಾರಪೇಟೆಯಲ್ಲಿ ಉಳಿದವರನ್ನು ಹತ್ತಿಸಿಕೊಂಡಿತು. ಅವರಲ್ಲಿ ಮುನಿಸ್ವಾಮಿ ಮತ್ತು ಅವನ ಹೆಂಡತಿ ವೆಂಕಟಮ್ಮ ಇದ್ದರು. ಮುನಿಸ್ವಾಮಿ ಇಪ್ಪತ್ತೆರಡು ವರ್ಷ ಬಂಡೆಗೆ ಡ್ರಿಲ್ ಹಿಡಿದ ಆಳು. ಅವನಿಗೆ ಹದಿನೇಳನೇ ನಂಬರಿನ ಬಿಲ್ಲೆ ಕೊಟ್ಟೆ.

“ಏನ್ ಗಾಳಿ ಮೇಸ್ತ್ರಿ, ಬೆಟ್ಟ ಅತ್ತಾಕೂ ಬಿಲ್ಲೆನಾ? ಮೇಲೆ ಕೇಜ್ ಬೇರೆ ಐತಾ, ಇಳಿಸ್ತೀರಾ?” ಎಂದು ನಕ್ಕ.

ಹನ್ನೊಂದು ಗಂಟೆಗೆ ಎಲ್ಲರೂ ಮೆಟ್ಟಿಲು ಹತ್ತಿ ತುದಿ ಸೇರಿದೆವು. ತೋಟ ನೋಡಿ ಬುತ್ತಿ ಬಿಚ್ಚಿದಾಗ ಮುನಿಸ್ವಾಮಿಗೂ ಅವನ ಗೆಳೆಯ ಪೆರುಮಾಳನಿಗೂ ಪಂದ್ಯ ಹುಟ್ಟಿತು. ಗಣಿಯ ಅದಿರು ಅರೆದು ಸುರಿದ ಬೂದಿ ಬಣ್ಣದ ಸೈನೈಡ್ ದಿಬ್ಬ ಇಲ್ಲಿಂದ ಕಾಣುತ್ತದೆ ಎಂದು ಮುನಿಸ್ವಾಮಿ.

“ಇಲ್ಲಿಂದಾನಾ? ನಿನ್ ಕಣ್ಣಿಗೆ ದುರ್ಬೀನ್ ಕಟ್ಟವ್ರಾ ಮಚ್ಚಾ?” ಎಂದ ಪೆರುಮಾಳ್.

“ಇರ್ಲಾ, ನೋಡ್ಕೊಂಡ್ ಬತ್ತೀನಿ,” ಎಂದು ಮುನಿಸ್ವಾಮಿ ಎದ್ದು ಹೋದ.

ಎರಡು ಗಂಟೆಗೆ ಮಂಜು ಬಂತು. ಹತ್ತು ನಿಮಿಷದಲ್ಲಿ ಚಾಚಿದ ಕೈ ಕಾಣದಂತಾಯಿತು. ನಾನು ಸೀಟಿ ಊದಿ ಎಲ್ಲರನ್ನೂ ಹಲಗೆ ಕಟ್ಟಿದ್ದ ಮರದಡಿಗೆ ಕರೆದೆ. ಒಬ್ಬೊಬ್ಬರಾಗಿ ಬಿಲ್ಲೆ ತೂಗುಹಾಕಿದರು. ಹದಿನೇಳನೇ ಮೊಳೆ ಖಾಲಿ ಉಳಿಯಿತು.

ಗಂಡಸರು ದಿಕ್ಕಿಗೊಬ್ಬರಂತೆ ಹುಡುಕಲು ಎದ್ದರು. ಕುಳಿತಿರಿ ಎಂದು ಗದರಿದೆ. ಬೆಟ್ಟದ ಪಶ್ಚಿಮಕ್ಕೆ ಕೋಟೆಗೋಡೆ ಕುಸಿದ ಕಡೆ ನೂರಾರು ಅಡಿಯ ಪ್ರಪಾತವಿದೆ. ಒಬ್ಬ ಕಳೆದಿದ್ದಾನೆ, ಹತ್ತು ಮಂದಿ ಕಳೆಯಬಾರದು. ಎಷ್ಟು ಕೂಗಿದರೂ ಉತ್ತರ ಬರಲಿಲ್ಲ.

ವೆಂಕಟಮ್ಮ ಅಳಲಿಲ್ಲ. ನನ್ನ ಮುಂದೆ ಬಂದು ನಿಂತಳು. “ನೆಲದಾಗೆ ಇಪ್ಪತ್ತೆರಡು ವರ್ಸ ದಾರಿ ತಪ್ದೋನಲ್ಲ ನನ್ ಗಂಡ. ಬಯಲಾಗೆ ಎಂಗೆ ತಪ್ತಾನೆ? ನೀವೇ ಯೋಳಿ ಸಾ.”

ಆ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ನೆಲದಡಿ ದೀಪ ಆರಿದರೆ ಮುಖಕ್ಕೆ ಗಾಳಿ ಬಡಿಯುವ ಕಡೆ ನಡೆಯಬೇಕು ಎಂಬುದು ಹಳಬರು ಹೊಸಬರಿಗೆ ಕಲಿಸುವ ಮೊದಲ ಪಾಠ. ಹೊಸ ಗಾಳಿ ಇಳಿದು ಬರುವುದು ಗಣಿಯ ಬಾಯಿಂದ ನೇರ ಕೆಳಗಿಳಿಯುವ ಬಾವಿಯಾದ ಶಾಫ್ಟ್‌ನಿಂದ. ಗಾಳಿಗೆ ಎದುರಾಗಿ ನಡೆದವನು ಶಾಫ್ಟ್ ಸೇರುತ್ತಾನೆ, ಬದುಕುತ್ತಾನೆ. ಮಂಜಿನಲ್ಲಿ ಕಣ್ಣು ಕಾಣದಾದ ಮುನಿಸ್ವಾಮಿ ಅದನ್ನೇ ಮಾಡಿರುತ್ತಾನೆ. ಬೆರಳು ಒದ್ದೆ ಮಾಡಿ ಎತ್ತಿ ಹಿಡಿದೆ. ಗಾಳಿ ಪಶ್ಚಿಮದಿಂದ, ನೇರ ಪ್ರಪಾತದ ಕಡೆಯಿಂದ ಬರುತ್ತಿತ್ತು.

ನಮ್ಮ ಕೂಗು ಗಾಳಿಗೆದುರಾಗಿ ಅವನನ್ನು ಮುಟ್ಟುತ್ತಿರಲಿಲ್ಲ. ಅವನ ಸದ್ದನ್ನು ಮಾತ್ರ ಗಾಳಿ ನಮ್ಮ ಕಡೆ ತರಬಹುದು. “ಯಾರೂ ಉಸಿರೆತ್ತಬೇಡಿ,” ಎಂದೆ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕಲ್ಲಿಗೆ ಕಲ್ಲು ಬಡಿದ ಸದ್ದು. ಮೂರು ಸಲ. ತಡೆದು, ಮತ್ತೆ ಮೂರು ಸಲ.

“ನಮ್ದೇ ಬಡ್ತ!” ಎಂದು ಪೆರುಮಾಳ್ ಕುಪ್ಪಳಿಸಿದ. ಸುರಂಗ ಕುಸಿದಾಗ ಒಳಗೆ ಸಿಕ್ಕಿಕೊಂಡವರು ಬಂಡೆ ಬಡಿಯುವ ಸಂಕೇತ ಅದು.

ಎಂಟು ಮಂದಿ ಟವೆಲ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಹಿಡಿದೆವು. ನಾನು ಮುಂದೆ, ಪೆರುಮಾಳ್ ನನ್ನ ಹಿಂದೆ. ಮುಖಕ್ಕೆ ಗಾಳಿ ಕೊಟ್ಟು, ಪ್ರತಿ ಹೆಜ್ಜೆಗೂ ಕಾಲಿನಿಂದ ನೆಲ ತಡವಿ ನಡೆದೆವು. ಇಪ್ಪತ್ತು ನಿಮಿಷವಾಯಿತು. ಮುನಿಸ್ವಾಮಿ ಕುಸಿದ ಗೋಡೆಯಾಚೆ ಬಂಡೆಯ ಮೇಲೆ ಕಾಲು ಮಡಿಸಿ ಕುಳಿತು ಕಲ್ಲು ಬಡಿಯುತ್ತಿದ್ದ. ಅವನ ಮುಂದೆ ನಾಲ್ಕು ಹೆಜ್ಜೆಯಾಚೆ ನೆಲವಿರಲಿಲ್ಲ.

“ಯಾಕ್ ನಿಂತೆ ಇಲ್ಲಿ?” ಎಂದು ಕೇಳಿದೆ.

“ಗಾಳಿ ಮಕಕ್ಕೆ ಒಡೀತಿತ್ತು ಸಾ, ಬಂದೆ. ಇಲ್ಲಿ ನೋಡಿದ್ರೆ ಕಾಲ್ ಕೆಳಗಿಂದ ಬಂತು. ಕೆಳಗಿಂದ ಗಾಳಿ ಬಂದ್ರೆ ಮುಂದೆ ಗುಂಡಿ ಐತೆ ಅಂತ. ಕುಂತ್ಕೊಂಡೆ.”

ಅವನನ್ನು ಅಂಚಿಗೆ ತಂದದ್ದು ಗಣಿಯ ಅಭ್ಯಾಸ, ಅಂಚಿನಲ್ಲಿ ತಡೆದದ್ದೂ ಅದೇ.

ಮರದಡಿಗೆ ಬಂದಾಗ ವೆಂಕಟಮ್ಮ ಗಂಡನ ಅಂಗಿ ಹಿಡಿದು ಜಗ್ಗಿದಳು. “ಮೊದ್ಲು ಬಿಲ್ಲೆ ಆಕು. ಆಮೇಲೆ ಬೈತೀನಿ,” ಎಂದಳು. ಅವನು ಹದಿನೇಳನ್ನು ಮೊಳೆಗೆ ಹಾಕಿದ. ಮೂವತ್ತೇಳು ಮಂದಿಯ ಕೇಕೆ ಎದ್ದಿತು. ಶಿಫ್ಟ್ ಮುಗಿಸಿ ಬೆಳಕಿಗೆ ಬಂದಾಗಲೂ ನಾನು ಅಂಥ ಕೇಕೆ ಕೇಳಿರಲಿಲ್ಲ.

“ದಿಬ್ಬ ಕಾಣಿಸ್ತಾ ಮಚ್ಚಾ?” ಎಂದು ಪೆರುಮಾಳ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳುತ್ತ ಬಂದ.

ಮರುದಿನ ಹಲಗೆಯನ್ನು ಬಿಲ್ಲೆಗಳ ಸಮೇತ ಅಧಿಕಾರಿಯ ಮೇಜಿನ ಮೇಲಿಟ್ಟೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಹದಿನೇಳನೇ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಮುಂದಿನ ಪ್ರವಾಸಗಳ ಪಟ್ಟಿಯ ಮೊದಲ ಹಾಳೆಗೆ ಸಹಿ ಹಾಕಿದರು.

ಮುಂದೆ ನಾನು ನಂದಿಬೆಟ್ಟಕ್ಕೆ ಅಂಥ ಹನ್ನೊಂದು ಪ್ರವಾಸ ನಡೆಸಿದೆ. ಯಾವುದರಲ್ಲೂ ಮೊಳೆ ಖಾಲಿ ಉಳಿಯಲಿಲ್ಲ. ಗೈಡ್ ಆದವನು ದಾರಿಯನ್ನು ತಿಳಿದರೆ ಸಾಲದು, ಹಿಂದೆ ಬರುವವರ ಕಾಲು ದಿನವೂ ಎಲ್ಲಿ ಪಳಗಿದೆ ಎಂದೂ ತಿಳಿದಿರಬೇಕು. ಅದನ್ನು ಬಂದವರಿಗೆ ಹೇಳುವ ಕೆಲಸಕ್ಕೆ ನನಗಿಂತ ತಕ್ಕವನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಪ್ರತಿ ಸಲವೂ ಮೆಟ್ಟಿಲ ಬುಡದಲ್ಲಿ ಮುನಿಸ್ವಾಮಿ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದ:

“ಕೇಳ್ರಪ್ಪಾ, ಇಲ್ಲಿ ಗಾಳಿ ಶಾಫ್ಟಿಂದ ಬರಾಕಿಲ್ಲ. ಮಂಜು ಬಂದ್ರೆ ಕುಂತ್ಕಳಿ, ಕಲ್ ಬಡೀರಿ. ನಾವು ಬತ್ತೀವಿ.”