ಶ್ರುತಿ ಹಿಡಿದ ಆಂಪ್ಲಿಫೈಯರ್

ಗೆಳೆಯರೆ, ಇವತ್ತು ನಾನು ಸೋತೆ. ನನ್ನ ಸ್ಪೀಕರುಗಳು ಸೂಕ್ಷ್ಮ, ಸಣ್ಣ ಆಂಪ್ಲಿಫೈಯರಿಗೇ ತುಂಬಿ ಹಾಡುತ್ತವೆ. ಕಾಕಾರ ಅಭಿಪ್ರಾಯ ಮಾತ್ರ ಸ್ಥೂಲ. ತೀರಿಹೋದ ಹೆಂಡತಿ, ಅಂದರೆ ನಮ್ಮ ಕಾಕು, ಅಡುಗೆಮನೆಯಲ್ಲಿ ಹಾಡಿಕೊಂಡಿದ್ದನ್ನು ಹಿಡಿದಿಟ್ಟ ಒಂದೇ ಕ್ಯಾಸೆಟ್ ಕೇಳಲು, ಕುಂದಗೋಳದ ಪೆಂಡಾಲಿನವರ ಭಾರಿ ಆಂಪ್ಲಿಫೈಯರ್ ಹೊರಿಸಿಕೊಂಡು ಬಂದರು.

“ನಿಮ್ಮ ಕಾಕುನ ದನಿಗೆ ನಿನ್ನ ಬೆಂಕಿಪೆಟ್ಟಿಗಿ ಸಾಲತೈತೇನಲೇ?”

ಜೋಡಿಸಿದೆ. ಸ್ಪೀಕರುಗಳು ಗುಂಯ್‌ಗುಟ್ಟಿದವು.

“ಈ ಸ್ಪೀಕರಿಗೆ ಇದು ಜಾಸ್ತಿ ಆತ್ರಿ ಕಾಕಾ.”

“ಸುಮ್ಕಿರಲೇ, ತಂಬೂರಿ ಸುರು ಆಗೇತಿ,” ಎಂದು ಕಣ್ಣು ಮುಚ್ಚಿದರು. ಕ್ಯಾಸೆಟ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಮತ್ತೆ ಸಣ್ಣದನ್ನೇ ಜೋಡಿಸಿ ಕ್ಯಾಸೆಟ್ ಹಾಕಿದೆ. ಕಾಕುವಿನ ಉಸಿರೂ ಕೇಳಿಸಿತು. ಕಾಕಾ ಕಣ್ಣು ತೆರೆದರು.

“ತಂಬೂರಿ ಎಲ್ಲಿ ಕಳದಿ? ಶ್ರುತಿ ಇಲ್ದ ಹಾಡೂದು ಆಕಿಗೆ ಸೇರತಿರಲಿಲ್ಲ.”

ಈಗ ಎಡಗಡೆ ಸ್ಪೀಕರಿನಲ್ಲಿ ಕಾಕು ಹಾಡುತ್ತಿದ್ದಾರೆ. ಬಲಗಡೆ ಸ್ಪೀಕರಿಗೆ ಪೆಂಡಾಲಿನ ಆಂಪ್ಲಿಫೈಯರ್ ಕಟ್ಟಿ, ಸುಮ್ಮನೆ ಗುಂಯ್‌ಗುಡಲು ಬಿಟ್ಟಿದ್ದೇನೆ.