ಏಕಾದಶಿಯ ದಿನ ಹತ್ತಿದ ಬೆಟ್ಟ

ಐವತ್ತು ದಾಟಿದ ಇಬ್ಬರು ಗಂಡಸರು ಲಂಡನ್ನಿನಿಂದ ಸೈಕಲ್ ತುಳಿದು, ವೇಲ್ಸ್‌ನ ಬೆಟ್ಟ ಹತ್ತಿಳಿದು, ಟೆಂಟಿನಲ್ಲಿ ಮಲಗುತ್ತೇವೆಂದು ಹೊರಟರೆ ಯಾರಾದರೂ ಒಬ್ಬರು ಹೆದರಲೇಬೇಕಲ್ಲ. ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ನಾಲ್ಕು ಟ್ಯೂಬು, ಎರಡು ಪಂಪು, ಇನ್ನೂ ಬಾರದ ಕಾಯಿಲೆಗಳಿಗೂ ಮಾತ್ರೆ.

"ಗ್ರೈಂಡರ್ ಒಂದ ಬಿಟ್ಟ ಬಂದೀಯಲ್ಲೋ" ಎಂದು ಗೆಳೆಯ ನಗುತ್ತಿದ್ದ. ಅವನು ಧಾರವಾಡದವನು. ಲಂಡನ್ನಿನ ರೈಲುದಾರಿಯಲ್ಲಿ ನನ್ನ ಸ್ಟೇಷನ್ ಕಿಂಗ್ಸ್‌ಬರಿ, ಅವನದು ಪಕ್ಕದ ಕ್ವೀನ್ಸ್‌ಬರಿ. ಅವನ ಹೆಂಡತಿಗೆ ಆಪರೇಷನ್ ಆಗಿ ವರ್ಷವಾಗಿತ್ತು. ಕಾಯಿಲೆ ಮರಳಿದೆಯೋ ಇಲ್ಲವೋ ಎನ್ನುವ ಸ್ಕ್ಯಾನ್ ಫಲಿತಾಂಶ ಮುಂದಿನ ವಾರ ಬರುವುದಿತ್ತು. ಮನೆಯಲ್ಲಿ ಕೂತು ತನ್ನ ಮುಖ ನೋಡಬೇಡಿ ಎಂದು ಅವಳೇ ಇವನನ್ನು ಹೊರಗೆ ಅಟ್ಟಿದ್ದಳು.

ನಾಲ್ಕನೆಯ ಬೆಳಿಗ್ಗೆ ಟೆಂಟು ಮಡಚುವಾಗ ಅವನು ಬರೀ ನೀರು ಕುಡಿದ. ನಾನು ನೆನೆಸಿಟ್ಟ ಅವಲಕ್ಕಿ ಮುಟ್ಟಲಿಲ್ಲ.

"ಹೊಟ್ಟೆ ಕೆಟ್ಟಿದ್ಯೇನೋ?"

"ಹಂಗ ಅಂದ್ಕೋ."

"ಶುಗರ್ ಮಾತ್ರೆ ತಗೊಂಡ್ಯಾ?"

ದಿನವೂ ಕೇಳುತ್ತಿದ್ದೆ, ಅಂದು ಎರಡು ಸಲ ಕೇಳಿದೆ. ಕಾಟ ತಪ್ಪಲಿ ಎಂದು ನನ್ನೆದುರೇ ನುಂಗಿದ. ಹೊಟ್ಟೆಗೆ ಏನೂ ಇಲ್ಲದೆ ನುಂಗಿದರೆ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸುವ ಮಾತ್ರೆ ಅದು. ಮುಂದೆ ಎಲ್ಲಾದರೂ ತಿನ್ನುತ್ತಾನೆ ಅಂದುಕೊಂಡೆ.

ಬೆಟ್ಟದ ರಸ್ತೆ ಬಿಡದೆ ಏರುತ್ತಲೇ ಇತ್ತು. ಎದುರುಗಾಳಿ. ಅವನು ಹಿಂದೆ ಬಿದ್ದ. ಬೆಟ್ಟದ ನೆತ್ತಿಯಲ್ಲಿ ಕಾದು, ಬರಲಿಲ್ಲವೆಂದು ಇಳಿದು ಹೋದರೆ, ಸೈಕಲ್ ರಸ್ತೆಯಲ್ಲಿ ಬಿದ್ದಿತ್ತು. ಅವನು ಕಲ್ಲಿನ ಗೋಡೆಗೆ ಒರಗಿ ಕೂತಿದ್ದ.

"ಕ್ವೀನ್ಸ್‌ಬರಿ ಸ್ಟೇಷನ್ ಬಂತೇನ?" ಎಂದ.

ನಾನು ನಕ್ಕೆ. ನಗು ನಿಲ್ಲಲು ಎಷ್ಟು ಹೊತ್ತು ಬೇಕಾಯಿತೋ, ನೆನೆಸಿಕೊಂಡರೆ ಈಗಲೂ ನಾಚಿಕೆ. ಆ ಚಳಿಯಲ್ಲಿ ಅವನ ಅಂಗಿ ಬೆವರಿಗೆ ತೊಯ್ದಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಚೀಲ ತಡಕಿ ಗ್ಲೂಕೋಸ್ ಜೆಲ್‌ನ ಪೊಟ್ಟಣ ಹರಿದು ಅವನ ತುಟಿಗಿಟ್ಟೆ. ಹಲ್ಲು ಕಚ್ಚಿಕೊಂಡ.

"ಬ್ಯಾಡೋ. ಇವತ್ತ ಏಕಾದಶಿ ಅದ."

ಮೂರು ಆ್ಯಪ್‌ಗಳಲ್ಲಿ ಹವಾಮಾನ ನೋಡಿ ದಿನ ಗೊತ್ತುಮಾಡಿದವನು ನಾನು. ಅಡುಗೆಮನೆಯಲ್ಲಿ ನೇತಾಡುವ ಪಂಚಾಂಗದ ಕಡೆ ತಿರುಗಿರಲಿಲ್ಲ.

"ಹಾಳಾಗಲಿ ಏಕಾದಶಿ, ಬಾಯಿ ತೆಗಿ!"

"ಆಕಿ ಸಲುವಾಗಿ ಹಿಡದೀನಿ. ಒಂದೂ ತಪ್ಪಿಸಿಲ್ಲ..."

ಮೊದಲ ತುತ್ತನ್ನು ಉಗುಳಿದ. ನಾನು ಅವನ ದವಡೆ ಹಿಡಿದು, ಬೆರಳಿನಿಂದ ಕೆನ್ನೆಯ ಒಳಗೆ ಸ್ವಲ್ಪಸ್ವಲ್ಪವೇ ಸವರಿದೆ. ಬೆರಳು ಕಚ್ಚಿದ. ಕೊನೆಗೆ ನುಂಗಿದ. ಇನ್ನೊಂದು ಪೊಟ್ಟಣವೂ ಮುಗಿದ ಮೇಲೆ ಕಣ್ಣಿಗೆ ಗುರುತು ಹತ್ತಿತು.

"ಏನ ಹಾಕಿದಿ ಬಾಯಾಗ?"

"ಸಕ್ಕರೆ."

"ಹಾಕಬಾರದಿತ್ತೋ."

"ಸಾಯ್ತಿದ್ಯಲ್ಲೋ!"

ಅವನು ಕೈ ಚಾಚಿ, "ಕೊಡು ಆ ಅವಲಕ್ಕಿ, ಮುರದದ್ದು ಮುರೀತು" ಎಂದು, ಯಾರದೋ ಮನೆಯ ಪಾತ್ರೆ ತೊಳೆಯುವವನ ಹಾಗೆ ತಿಂದು ಮುಗಿಸಿದ. ಸೈಕಲ್ ತಳ್ಳಿಕೊಂಡೇ ಇಳಿದೆವು. ಮರುದಿನ ರೈಲು ಹಿಡಿದೆವು. ಲಂಡನ್ ಬರುವವರೆಗೂ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ.

ಮುಂದಿನ ವಾರ ಫಲಿತಾಂಶ ಬಂತು. ಕಾಯಿಲೆ ಮರಳಿತ್ತು. ಉಪವಾಸಕ್ಕೂ ಸ್ಕ್ಯಾನಿಗೂ ಸಂಬಂಧವಿಲ್ಲ. ಸ್ಕ್ಯಾನ್ ತೆಗೆದದ್ದೇ ನಾವು ಹೊರಡುವ ಮುಂಚೆ. ಈ ಲೆಕ್ಕವನ್ನು ನನಗೆ ನಾನೇ ಎಷ್ಟು ಸಲ ಒಪ್ಪಿಸಿಕೊಂಡಿದ್ದೇನೋ.

ಅವರ ಮನೆಗೆ ಹೋದಾಗ ಅವಳೇ ಚಹಾ ತಂದಳು. "ನೀವು ಇದ್ದದ್ದಕ್ಕ ಇವರು ಉಳದ್ರು, ಅಣ್ಣಾ" ಎಂದಳು. ಶುಗರ್ ಇಳಿದದ್ದು ಹೇಳಿದ್ದಾನೆ, ಏಕಾದಶಿ ಹೇಳಿಲ್ಲ ಎಂದು ಅರ್ಥವಾಯಿತು. ಅವನು ಟಿವಿ ನೋಡುತ್ತಿದ್ದ. ಟಿವಿ ಆಫ್ ಆಗಿತ್ತು.

"ಅಯ್ಯೋ, ನಾನೇನು ಮಾಡ್ದೆ" ಅಂದೆ. ಅವನು ಈಗಲೂ ಉಪವಾಸ ಹಿಡಿಯುತ್ತಾನೋ ಇಲ್ಲವೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.