ಚೌಕಾಬಾರದ ಮನೆ ಕೊರೆದ ಚಾಕು

ಹುಣಸೂರಿನ ಪಾತ್ರೆ ಅಂಗಡಿಯಲ್ಲಿ ಇವತ್ತು ಕಡಿಮೆ ಬೆಲೆಯ ಚಾಕುಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ಕಿವಿಗೆ ಹಿಡಿಯುತ್ತಿದ್ದೆ. ಅಂಗಡಿಯವನು ನಕ್ಕ. ಹಾಗೆ ಕೇಳುವುದನ್ನು ನನಗೆ ಕಲಿಸಿದ್ದು ಕಂಪಲಾಪುರದ ಕುಲುಮೆಯ ಆಚಾರಿ.

ಆಗ ನಾನು ಐದನೇ ಕ್ಲಾಸು. ಅವ್ವನ ಜೊತೆ ಕುಲುಮೆಗೆ ಹೋದಾಗ ಅವರು ಒಂದು ಚಾಕು ಮೀಟಿ, "ಕೇಳು ಮಗ, ಟಣ್ ಅಂದ್ರೆ ಒಳ್ಳೇದು. ಬಿರುಕಿದ್ರೆ ದನಿ ಸತ್ತೋಯ್ತದೆ" ಅಂದಿದ್ದರು. ಅವ್ವ ಅದನ್ನೇ ಕೊಂಡಳು. ಅಗ್ಗದ್ದು, ಆದರೆ ಗಟ್ಟಿ ಅಲಗು.

ವಾರವೂ ಕಳೆದಿರಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಾಗ ಅದೇ ಚಾಕುವಿನಿಂದ ಜಗಲಿ ಕಲ್ಲಿನ ಮೇಲೆ ಚೌಕಾಬಾರ ಆಟದ ಮನೆಗಳನ್ನು ಕೊರೆದೆ. ಅಲಗು ಮುಕ್ಕಾಯಿತು. ಸಂಜೆ ಅವ್ವ ಕೇಳಿದಾಗ "ಈರುಳ್ಳಿ ಹೆಚ್ಚುವಾಗ ಆಯ್ತು" ಅಂದುಬಿಟ್ಟೆ.

ಮರುದಿನ ಅವ್ವ ನನ್ನನ್ನೂ ಎಳೆದುಕೊಂಡು ಕುಲುಮೆಗೆ ಹೋದಳು. "ಈರುಳ್ಳಿಗೇ ಮುಕ್ಕಾಗೋ ಚಾಕು ಮಾಡ್ತೀರಲ್ಲ, ಆಚಾರ್ರೇ!" ಎಂದು ನಾಲ್ಕು ಜನರ ಮುಂದೆ ಬೈದಳು. ಹಿಡಿಯ ಸಂದಿಯಲ್ಲಿ ಸಿಕ್ಕಿದ್ದ ಕಲ್ಲಿನ ಪುಡಿಯನ್ನು ಅವರು ಹೆಬ್ಬೆರಳಿನಿಂದ ಒರೆಸಿದರು. ನನ್ನ ಮುಖ ನೋಡಿದರು. "ನಂದೇ ತಪ್ಪು ಕಣವ್ವ, ಬುಡು. ಹದ ಕೆಟ್ಟದೆ" ಎಂದು ಬೇರೆ ಚಾಕು ಕೊಟ್ಟರು.

ಅವ್ವ ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಅದನ್ನೇ ಹೇಳಿದಳು. ಆಮೇಲೆ ನಮ್ಮ ಬೀದಿಯವರು ಯಾರೂ ಅವರ ಹತ್ತಿರ ಚಾಕು ಕೊಳ್ಳಲಿಲ್ಲ.

ಚಾಕು ಆರಿಸಿ, ಅಂಗಡಿಯಿಂದಲೇ ಅವ್ವನಿಗೆ ಫೋನ್ ಮಾಡಿದೆ.

"ಸರ್ಯಾಗ್ ನೋಡ್ದ್ಯಾ ಮಗ? ಆ ಆಚಾರಿ ಮೋಸ ಮಾಡ್ದಂಗೆ ಇವರೂ ಮಾಡ್ಬುಟ್ಟಾರು" ಅಂದಳು.

"ಹೂಂ ಅವ್ವ, ನೋಡ್ದೆ" ಅಂದೆ. ಇವತ್ತೂ ಅಷ್ಟೇ ಅಂದೆ, ಜಗಲಿ ಕಲ್ಲಿನ ಮಾತು ಎತ್ತಲಿಲ್ಲ.